ಈ ರಸ್ತೆ ಯಾರದ್ದು? ಕಾಸರಗೋಡಿನ ಹೊಂಡ, ಚರಂಡಿ, ಉರಿಯದ ಲೈಟಿನ ಲೆಕ್ಕಾಚಾರ

ಕಾಸರಗೋಡು ಪೇಟೆಯಲ್ಲಿ ಮಳೆಗಾಲದಲ್ಲಿ ಯಾರ ಹತ್ರ ಮಾತಿಗೆ ನಿಂತ್ರೂ ಐದು ನಿಮಿಷದೊಳಗೆ ರಸ್ತೆ ವಿಷಯ ಬರ್ತದೆ. ಆಟೋದವರು ಹೊಂಡದ ಬಗ್ಗೆ ಹೇಳ್ತಾರೆ, ಬ್ಯಾಂಕ್ ರೋಡ್ ಕಡೆ ಅಂಗಡಿ ಇಟ್ಟವರು ಚರಂಡಿ ನೀರು ಮೆಟ್ಟಿಲಿಗೆ ಬರುದರ ಬಗ್ಗೆ, ಕಡಲ ಬದಿಯ ನೆಲ್ಲಿಕುಂಜೆ ಕಸಬಾ ಕಡಪ್ಪುರದವರು ಉಪ್ಪುಗಾಳಿಗೆ ತುಕ್ಕು ಹಿಡಿದ ಕಂಬ, ಉರಿಯದ ಲೈಟಿನ ಬಗ್ಗೆ, ಮಕ್ಕಳನ್ನು ಶಾಲೆಗೆ ನಡೆಸಿಕೊಂಡು ಹೋಗುವ ಅಮ್ಮಂದಿರು ಸ್ಲ್ಯಾಬ್ ಮುರಿದ ಫುಟ್‌ಪಾತ್ ಬಗ್ಗೆ. ಎಲ್ಲರ ಮಾತೂ ಕೊನೆಗೆ ಒಂದೇ ಕಡೆ ಬಂದು ನಿಲ್ತದೆ, "ನಗರಸಭೆಯವರು ಎಂತ ಮಾಡ್ತಾ ಇದ್ದಾರೆ?" ಅಂತ. ಪ್ರಶ್ನೆ ನ್ಯಾಯದ್ದೇ. ಆದ್ರೆ ಅರ್ಧ ಸಲ ಅದು ತಪ್ಪು ಬಾಗಿಲಿಗೆ ಹೋಗಿ ಬೀಳ್ತದೆ, ಅಲ್ಲಿಂದ ಉತ್ತರ ಬರುದಿಲ್ಲ, ಜನ ಬೇಜಾರಾಗಿ ಮತ್ತೆ ಕೇಳುದನ್ನೇ ಬಿಡ್ತಾರೆ. ನನಗೆ ಬೇಸರ ಆಗುದು ಈ ಕೊನೆಯದ್ದಕ್ಕೆ, ಅದಕ್ಕೇ ಇದನ್ನೆಲ್ಲ ಸ್ವಲ್ಪ ಬಿಡಿಸಿ ಬರಿತಾ ಇದ್ದೇನೆ.

ಮೊದ್ಲು ರಸ್ತೆ ಯಾರದ್ದು ಅಂತ ನೋಡುವ. ನಾವು ನಡೆಯುವಾಗ ಅದು ಒಂದೇ ಊರು ಒಂದೇ ರಸ್ತೆ, ಆದ್ರೆ ಕಾಗದದಲ್ಲಿ ಹಾಗಿಲ್ಲ. ತಲಪಾಡಿಯಿಂದ ಮಂಜೇಶ್ವರ, ಉಪ್ಪಳ, ಕುಂಬಳೆ ಆಗಿ ಪೇಟೆಗೆ ಬರುವ ದೊಡ್ಡ ರೋಡು ರಾಷ್ಟ್ರೀಯ ಹೆದ್ದಾರಿ 66, ಹಿಂದೆ ನಾವೆಲ್ಲ 17 ಅಂತ ಹೇಳ್ತಿದ್ದದ್ದು. ಅದು ಕೇಂದ್ರದ ಹೆದ್ದಾರಿ ಪ್ರಾಧಿಕಾರದ ಕೈಯಲ್ಲಿ ಉಂಟು, ಈಗ 45 ಮೀಟರ್ ಅಗಲಕ್ಕೆ ಆರು ಲೇನ್ ಮಾಡಿದ್ದಾರಲ್ಲ, ಅದರ ಬದಿಯ ಸರ್ವಿಸ್ ರೋಡು, ಸರ್ವಿಸ್ ರೋಡಿನ ಚರಂಡಿ ಕೂಡ ಅವರ ಲೆಕ್ಕಕ್ಕೇ ಬರ್ತದೆ. ಚಂದ್ರಗಿರಿ ಸೇತುವೆ ದಾಟಿ ಬೇಕಲ ಆಗಿ ಕಾಞಂಗಾಡಿಗೆ ಹೋಗುವ ರಸ್ತೆ ರಾಜ್ಯ ಹೆದ್ದಾರಿ, ಅದು ಪಿಡಬ್ಲ್ಯುಡಿದ್ದು, ಅಂದ್ರೆ ರಾಜ್ಯದ ಲೋಕೋಪಯೋಗಿ ಇಲಾಖೆಯದ್ದು. ಚೆರ್ಕಳದಿಂದ ಜಾಲ್ಸೂರು ಕಡೆ ಹೋಗುದೂ ಪಿಡಬ್ಲ್ಯುಡಿಯೇ. ಪೇಟೆ ಒಳಗೆ ಕೆಲವು ಮುಖ್ಯ ರಸ್ತೆ ಪಿಡಬ್ಲ್ಯುಡಿ ಹೆಸರಲ್ಲಿ ಉಂಟು, ಅದಕ್ಕೆ ಸೇರುವ ಅಡ್ಡರಸ್ತೆ, ಓಣಿ ಎಲ್ಲ ನಗರಸಭೆಯದ್ದು. ಪೇಟೆ ಗಡಿ ದಾಟಿ ಮಧೂರು, ಚೆಂಗಳ, ಮೊಗ್ರಾಲ್ ಪುತ್ತೂರು ಕಡೆ ಕಾಲಿಟ್ರೆ ಪಂಚಾಯತ್ ರಸ್ತೆ. ಸಮುದ್ರದ ಬದಿಯಲ್ಲಿ ಮೀನುಗಾರರ ಮನೆಗಳಿಗೆ ಹೋಗುವ ಕೆಲವು ರಸ್ತೆಯನ್ನು ಹಾರ್ಬರ್ ಎಂಜಿನಿಯರಿಂಗ್ ಇಲಾಖೆ ಮಾಡುದು, ಅಲೆ ತಡೆಯುವ ಕಲ್ಲಿನ ಗೋಡೆ ನೀರಾವರಿ ಇಲಾಖೆಯದ್ದು, ರೈಲ್ವೆ ಸ್ಟೇಷನ್ ಮುಂದಿನ ಜಾಗ ರೈಲ್ವೆಯದ್ದು. ಇಷ್ಟು ಜನ ಯಜಮಾನರು ಒಂದೇ ಊರಿಗೆ.

ಇದು ಸಾಲದು ಅಂತ, ರಸ್ತೆ ಅಡಿಯಲ್ಲಿ ಇರುದು ವಾಟರ್ ಅಥಾರಿಟಿಯ ಪೈಪು, ಬದಿಯಲ್ಲಿ ನಿಂತದ್ದು ಕೆಎಸ್‌ಇಬಿ ಕಂಬ, ಅಂದ್ರೆ ಕೇರಳದ ವಿದ್ಯುತ್ ಮಂಡಳಿಯದ್ದು. ಬೀದಿ ಲೈಟಿನ ವಿಷಯ ಅಂತೂ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಕಂಬ ಕೆಎಸ್‌ಇಬಿಯದ್ದಾದ್ರೂ ಅದರ ಮೇಲೆ ಉರಿಯುವ ಲೈಟಿನ ಜವಾಬ್ದಾರಿ ನಗರಸಭೆಯದ್ದು ಅಥವಾ ಪಂಚಾಯತಿನದ್ದು, ಕರೆಂಟ್ ಬಿಲ್ಲು ಕಟ್ಟುದೂ ಅವರೇ, "ನಿಲಾವ್" ಅಂತ ಒಂದು ಯೋಜನೆಯಲ್ಲಿ ಹಳೆ ಲೈಟ್ ತೆಗೆದು ಎಲ್‌ಇಡಿ ಹಾಕಿದ್ರಲ್ಲ, ಅದು ಸ್ಥಳೀಯ ಸಂಸ್ಥೆ ಮತ್ತು ಕೆಎಸ್‌ಇಬಿ ಸೇರಿ ಮಾಡಿದ್ದು. ಹಾಗಾಗಿ ಲೈಟ್ ಹೋದ್ರೆ ಇವರು ಅವರ ಹತ್ರ ಹೇಳಿ ಅಂತಾರೆ ಅವರು ಇವರ ಹತ್ರ. ಕಂಬದ ಮೇಲೆ ಪೇಂಟಲ್ಲಿ ಒಂದು ನಂಬರ್ ಬರೆದಿರ್ತದೆ ನೋಡಿ, ಅದನ್ನು ಬರ್ಕೊಂಡು ಎರಡೂ ಕಡೆ ಕೊಟ್ರೆ "ಯಾವ ಕಂಬ, ಎಲ್ಲಿ" ಅಂತ ಓಡಾಡಿಸುದಾದ್ರೂ ತಪ್ತದೆ.

ಈಗ ಹೊಂಡ. ಹೊಂಡಕ್ಕೆ ಎಲ್ಲರೂ ಹೇಳುವ ಕಾರಣ ಒಂದೇ, ಟಾರ್ ಸರಿ ಹಾಕ್ಲಿಲ್ಲ, ಕಂಟ್ರಾಕ್ಟರ್ ತಿಂದ. ಕೆಲವು ಕಡೆ ಹಾಗೆಯೂ ಇರಬಹುದು, ಆದ್ರೆ ನಮ್ಮೂರಿನ ರಸ್ತೆಯನ್ನು ಕೊಲ್ಲುದು ಮುಖ್ಯವಾಗಿ ನೀರು ಅಂತ ನನ್ನ ಅಭಿಪ್ರಾಯ. ಕಾಸರಗೋಡು ಜಿಲ್ಲೆಯಲ್ಲಿ ಜೂನಿಂದ ಸೆಪ್ಟೆಂಬರ್ ಒಳಗೆ ಸರಾಸರಿ ಮೂರು ಮೀಟರ್ ಹತ್ತಿರ ಮಳೆ ಬೀಳ್ತದೆ, ಕೇರಳದಲ್ಲೇ ಅತಿ ಹೆಚ್ಚು ಮುಂಗಾರು ಬೀಳುವ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಅಷ್ಟು ನೀರು ನಾಲ್ಕು ತಿಂಗಳಲ್ಲಿ ಬಿದ್ದು ಎಲ್ಲಾದ್ರೂ ಹೋಗ್ಬೇಕು. ಟಾರ್ ಅಂದ್ರೆ ಜಲ್ಲಿಯನ್ನು ಹಿಡಿದಿಡುವ ಅಂಟು ಅಷ್ಟೇ. ರಸ್ತೆ ಮೇಲೆ ನೀರು ನಿಂತು ಒಂದು ಸಣ್ಣ ಬಿರುಕಿನ ಒಳಗೆ ಇಳಿದ್ರೆ, ಮೇಲಿಂದ ಬಸ್ಸೋ ಟಿಪ್ಪರೋ ಹೋಗುವಾಗ ಆ ನೀರಿಗೆ ಒತ್ತಡ ಬಿದ್ದು ಅದು ಜಲ್ಲಿಯಿಂದ ಟಾರನ್ನು ಬಿಡಿಸ್ತದೆ, ಒಂದು ಜಲ್ಲಿ ಎದ್ರೆ ಪಕ್ಕದ್ದಕ್ಕೆ ಆಧಾರ ಇಲ್ಲ, ಎರಡು ದಿನದಲ್ಲಿ ಅಂಗೈ ಅಗಲದ ಹೊಂಡ, ಒಂದು ವಾರದಲ್ಲಿ ಸ್ಕೂಟರಿನ ಚಕ್ರ ಮುಳುಗುವ ಹೊಂಡ. ಅಡಿಯಲ್ಲಿರುವ ಮಣ್ಣು ನೆನೆದ್ರೆ ಇನ್ನೂ ಬೇಗ. ಬೇಸಿಗೆಯಲ್ಲಿ ಕಲ್ಲಿನ ಹಾಗೆ ಗಟ್ಟಿ ಕಾಣುವ ನಮ್ಮ ಕೆಂಪು ಮಣ್ಣು ನೀರು ಕುಡಿದ್ರೆ ಮೆತ್ತಗಾಗ್ತದೆ, ಮನೆ ಕಟ್ಟಿಸಿದವರಿಗೆಲ್ಲ ಇದು ಗೊತ್ತುಂಟು.

ಇದಕ್ಕೇ ರಸ್ತೆಯನ್ನು ನಡುವೆ ಸ್ವಲ್ಪ ಎತ್ತರ, ಎರಡು ಬದಿಗೆ ಇಳಿಜಾರು ಮಾಡಿ ಹಾಕುದು, ಬದಿಯಲ್ಲಿ ಚರಂಡಿ ಬೇಕು ಅನ್ನುದು. ನಮ್ಮಲ್ಲಿ ಎಂತ ಆಗ್ತದೆ ಅಂದ್ರೆ ಟಾರ್ ಮೇಲೆ ಟಾರ್ ಹಾಕಿ ಹಾಕಿ ರಸ್ತೆ ಏರ್ತಾ ಬಂತು, ಬದಿಯ ಮಣ್ಣು ಹುಲ್ಲು ಬೆಳೆದು ಅದೂ ಏರಿತು, ಮನೆಯವರು ಅಂಗಡಿಯವರು ಗೇಟಿನ ಎದುರು ಕಾಂಕ್ರೀಟ್ ಹಾಕಿ ಚರಂಡಿ ಮುಚ್ಚಿದ್ರು, ಕೆಲವರು ಇಂಟರ್‌ಲಾಕ್ ಹಾಕಿದ್ರು, ನೀರಿಗೆ ಹೋಗ್ಲಿಕ್ಕೆ ಉಳಿದದ್ದು ರಸ್ತೆ ಮಾತ್ರ. ಎಷ್ಟೋ ಪಂಚಾಯತ್ ರಸ್ತೆಗೆ ಮೊದಲಿಂದಲೇ ಚರಂಡಿ ಇಲ್ಲ, ಅಗಲವೇ ಮೂರು ಮೀಟರ್, ಎರಡು ಬದಿಯಲ್ಲಿ ಮುರಕಲ್ಲಿನ ಕಂಪೌಂಡ್. ಅಲ್ಲಿ ಮಳೆಗಾಲದಲ್ಲಿ ರಸ್ತೆಯೇ ತೋಡು. ಅಂಥ ಕಡೆ ಎಷ್ಟು ಒಳ್ಳೆ ಟಾರ್ ಹಾಕಿದ್ರೂ ಎರಡು ಮಳೆಗಾಲದ ಮೇಲೆ ಬಾಳುದು ಕಷ್ಟ. ಅದ್ರಲ್ಲೂ ಸಾಮಾನ್ಯ ಪಂಚಾಯತ್ ರಸ್ತೆಗೆ ಹಾಕುದು ಚಿಪ್ಪಿಂಗ್ ಕಾರ್ಪೆಟ್, ಅಂದ್ರೆ ಸಣ್ಣ ಜಲ್ಲಿ ಟಾರಿನ ತೆಳು ಪದರ, ದಪ್ಪ 20 ಮಿಲಿಮೀಟರ್, ಪಿಡಬ್ಲ್ಯುಡಿಯವರ ಮೆಕಾಡಂ ರಸ್ತೆಗೆ ಸಾಮಾನ್ಯವಾಗಿ ಕೆಳಗೆ 50 ಮೇಲೆ 30 ಅಂತ ಎರಡು ಪದರ. "ಅವರ ರಸ್ತೆ ನಿಲ್ತದೆ ನಮ್ಮ ವಾರ್ಡಿನದ್ದು ಎಂತಕ್ಕೆ ನಿಲ್ಲುದಿಲ್ಲ" ಅಂತ ಕೇಳುವವರಿಗೆ ಒಂದು ಉತ್ತರ ಇಲ್ಲೇ ಉಂಟು, ಹಾಕುವಾಗಲೇ ಅದು ಬೇರೆ ರಸ್ತೆ.

ಸಮುದ್ರ ಬದಿಯ ಊರಿಗೆ ಇನ್ನೊಂದು ಕಷ್ಟ ಜಾಸ್ತಿ. ನಮ್ಮ ಪೇಟೆಯ ಒಂದು ಕಡೆ ಚಂದ್ರಗಿರಿ ಹೊಳೆ, ಇನ್ನೊಂದು ಕಡೆ ಸಮುದ್ರ, ತಳಂಗರೆ ನೆಲ್ಲಿಕುಂಜೆ ಭಾಗ ಎಲ್ಲ ತಗ್ಗು. ಚರಂಡಿ ನೀರು ಕೊನೆಗೆ ಹೊಳೆಗೋ ಕಡಲಿಗೋ ಸೇರ್ಬೇಕು. ಕಡಲಿನಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಅಮಾಸೆ ಹುಣ್ಣಿಮೆ ಹೊತ್ತಿಗೆ ಇನ್ನೂ ಜೋರು. ಉಬ್ಬರ ಇರುವಾಗಲೇ ಮಳೆ ಹೊಯ್ದ್ರೆ ಚರಂಡಿಯ ಬಾಯಿಯಲ್ಲಿ ನೀರು ಹೊರಗೆ ಹೋಗುದು ಬಿಟ್ಟು ಹಿಂದೆ ಒತ್ತುತ್ತದೆ, ಪೇಟೆಯಲ್ಲಿ ಮಳೆ ನಿಂತು ಗಂಟೆ ಆದ್ರೂ ನೀರು ಇಳಿಯುದಿಲ್ಲ. ಜನ ನೋಡುದು ಅಂಗಡಿ ಎದುರಿನ ಚರಂಡಿ ಮಾತ್ರ, ತೊಂದ್ರೆ ಇರುದು ಅದರ ಕೊನೆಯಲ್ಲಿ, ಒಂದು ಕಿಲೋಮೀಟರ್ ಆಚೆ, ಬೇರೆ ವಾರ್ಡಿನಲ್ಲಿ. ಕಡಪ್ಪುರದ ಹಿರಿಯರು ಈ ವಿಷಯ ಚೆನ್ನಾಗಿ ಹೇಳ್ತಾರೆ, ಯಾವ ತೋಡು ಎಲ್ಲಿ ಕೂಡ್ತಿತ್ತು, ಯಾವ ಗದ್ದೆ ಮೊದ್ಲು ನೀರು ಹಿಡಿದು ನಿಲ್ತಿತ್ತು, ಯಾವ ಮೋರಿ ಮುಚ್ಚಿ ಹೋಯ್ತು ಅಂತ. ಗದ್ದೆ ಮಣ್ಣು ತುಂಬಿಸಿ ಸೈಟಾಯ್ತು, ಹೆದ್ದಾರಿ ಎತ್ತರ ಮಾಡುವಾಗ ಪೂರ್ವದಿಂದ ಪಶ್ಚಿಮಕ್ಕೆ ಹೋಗ್ತಿದ್ದ ನೀರಿನ ದಾರಿಗೆ ಅಡ್ಡ ಬಂತು, ಈಗ ಅದು ಸಿಕ್ಕಿದ ಮೋರಿಯಲ್ಲಿ ಒಟ್ಟಿಗೆ ನುಗ್ತದೆ. ಎಸ್ಟಿಮೇಟ್ ಮಾಡುವ ಎಂಜಿನಿಯರ್ ಈ ಹಿರಿಯರ ಜೊತೆ ಒಂದು ಸುತ್ತು ನಡೆದು ಬರ್ಬೇಕು ಅಂತ ನನಗೆ ಬಹಳ ಸಲ ಅನಿಸಿದೆ. ಸರ್ವೇ ನಕ್ಷೆಯಲ್ಲಿ ಇಲ್ಲದ ಎಷ್ಟೋ ತೋಡು ಅವರ ನೆನಪಿನಲ್ಲಿ ಉಂಟು.

ಉಪ್ಪಿನ ಕೆಲಸ ನಿಧಾನ ಆದ್ರೆ ಬಿಡದೆ ನಡಿತದೆ. ಕಡಲ ಗಾಳಿಯ ಉಪ್ಪು ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ಇಳಿದು ಒಳಗಿನ ಕಬ್ಬಿಣದ ಸರಳಿಗೆ ಮುಟ್ಟಿದ್ರೆ ಅದು ತುಕ್ಕು ಹಿಡಿತದೆ, ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಅದು ಉಬ್ಬಿ ಕಾಂಕ್ರೀಟನ್ನು ಒಳಗಿಂದಲೇ ಒಡಿತದೆ. ಚರಂಡಿ ಸ್ಲ್ಯಾಬ್ ಮುರಿದು ಸರಳು ಹೊರಗೆ ಕಾಣುದು ಹಾಗೆ. ಅದ್ರ ಮೇಲೆ ದಿನಾ ನಡಿತೇವೆ. ಕಡಲ ಬದಿಯ ಲೈಟ್ ಕಂಬ, ರೇಲಿಂಗ್, ಬಸ್ ಶೆಲ್ಟರಿನ ಶೀಟು ಎಲ್ಲದ್ದೂ ಇದೇ ಕಥೆ, ಪೇಟೆ ಒಳಗೆ ಬಾಳುವಷ್ಟು ವರ್ಷ ಅಲ್ಲಿ ಬಾಳುದಿಲ್ಲ. ಹಾಗಾಗಿ ಕಡಪ್ಪುರಕ್ಕೆ ಪೇಂಟಿಗೂ ರಿಪೇರಿಗೂ ಹೆಚ್ಚು ಹಣ ಇಡ್ಬೇಕಾಗ್ತದೆ. ಎಲ್ಲ ವಾರ್ಡಿಗೂ ಸಮ ಪಾಲು ಅಂತ ಹಂಚಿದ್ರೆ ಕೇಳ್ಲಿಕ್ಕೆ ನ್ಯಾಯ, ಕಡಲ ಬದಿಯವರಿಗೆ ಅನ್ಯಾಯ.

ಹಣದ ವಿಷಯಕ್ಕೆ ಬರುವ, ಅಲ್ಲಿ ಸ್ವಲ್ಪ ತಾಳ್ಮೆ ಬೇಕು. ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ಕೊಡುವ 1992ರ ಸಂವಿಧಾನ ತಿದ್ದುಪಡಿ ಆಗಿ 1994ರಲ್ಲಿ ಕೇರಳ ಪಂಚಾಯತ್ ಕಾಯ್ದೆ, ಮುನಿಸಿಪಾಲಿಟಿ ಕಾಯ್ದೆ ಬಂತು, 1996ರಲ್ಲಿ ಜನಕೀಯ ಯೋಜನೆ ಅಂತ ರಾಜ್ಯದ ಯೋಜನಾ ಹಣದ ದೊಡ್ಡ ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡ್ಲಿಕ್ಕೆ ಶುರು ಮಾಡಿದ್ರು. ಇದು ಒಳ್ಳೆಯದ್ದೇ, ಬೇರೆ ಎಷ್ಟೋ ರಾಜ್ಯದಲ್ಲಿ ಇಷ್ಟು ಇಲ್ಲ. ಈಗ ಬರುವ ಹಣದಲ್ಲಿ ಡೆವಲಪ್‌ಮೆಂಟ್ ಫಂಡ್ ಬೇರೆ, ಮೇಂಟೆನೆನ್ಸ್ ಫಂಡ್ ಬೇರೆ, ಮೇಂಟೆನೆನ್ಸಿನಲ್ಲೂ ರೋಡಿನದ್ದು ಬೇರೆ ಉಳಿದದ್ದು ಬೇರೆ. ಒಂದರ ಹಣ ಬೇಕಾದ ಹಾಗೆ ಇನ್ನೊಂದಕ್ಕೆ ಹಾಕ್ಲಿಕ್ಕೆ ಆಗುದಿಲ್ಲ. ರಸ್ತೆ ರಿಪೇರಿಗೆ ಹಣ ಸಿಗ್ಬೇಕಾದ್ರೆ ಆ ರಸ್ತೆ ನಗರಸಭೆಯ ಅಥವಾ ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಇರ್ಬೇಕು. ಇದೇ ನೋಡಿ ಯಾರೂ ಹೇಳದ ಮುಖ್ಯ ವಿಷಯ. ನಿಮ್ಮ ಓಣಿ ಹತ್ತಿಪ್ಪತ್ತು ಮನೆಯವರು ಜಾಗ ಬಿಟ್ಟುಕೊಟ್ಟು ಮಾಡಿದ್ದಾಗಿದ್ದು, ಜಾಗ ಸರಿಯಾಗಿ ಬಿಟ್ಟುಕೊಟ್ಟ ಕಾಗದ ಆಗದೆ ರಿಜಿಸ್ಟರಿಗೆ ಸೇರದೆ ಉಳಿದಿದ್ರೆ ಕೌನ್ಸಿಲರ್ ಎಷ್ಟು ಒಳ್ಳೆಯವರಾದ್ರೂ ಅದಕ್ಕೆ ರಿಪೇರಿ ಹಣ ಇಡ್ಲಿಕ್ಕೆ ಆಗುದಿಲ್ಲ. ಎಷ್ಟೋ ಕಡೆ ವರ್ಷಗಟ್ಟಲೆ ಜಗಳ ಆಗುದು ಇದಕ್ಕೆ, ಜಗಳ ಮಾಡುವ ಇಬ್ಬರಿಗೂ ಕಾರಣ ಗೊತ್ತಿರುದಿಲ್ಲ.

ಇನ್ನೊಂದು, ರಸ್ತೆ ಮಾಡುವ ಕಿಸೆ ಒಂದು, ನೋಡಿಕೊಳ್ಳುವ ಕಿಸೆ ಇನ್ನೊಂದು. ಎಂಎಲ್‌ಎ ಫಂಡ್, ಎಂಪಿ ಫಂಡ್, ಜಿಲ್ಲೆಯ ಅಭಿವೃದ್ಧಿ ಬಗ್ಗೆ 2012ರಲ್ಲಿ ಬಂದ ಪ್ರಭಾಕರನ್ ಆಯೋಗದ ವರದಿ ನಂತರ ಶುರುವಾದ ಕಾಸರಗೋಡು ಡೆವಲಪ್‌ಮೆಂಟ್ ಪ್ಯಾಕೇಜ್, ಇವುಗಳಿಂದ ಹೊಸ ರಸ್ತೆ, ಹೊಸ ಕಾಂಕ್ರೀಟ್, ಜಂಕ್ಷನ್ನಿಗೆ ಎತ್ತರ ಕಂಬದ ಹೊಸ ಹೈಮಾಸ್ಟ್ ಲೈಟ್ ಬರ್ತದೆ, ಬೋರ್ಡ್ ಬೀಳ್ತದೆ, ಉದ್ಘಾಟನೆ ಆಗ್ತದೆ. ಮರುದಿನದಿಂದ ಅದನ್ನು ನೋಡಿಕೊಳ್ಳುವ ಖರ್ಚು ಸಾಮಾನ್ಯವಾಗಿ ಸ್ಥಳೀಯ ಸಂಸ್ಥೆಯ ತಲೆಗೆ ಬರ್ತದೆ, ಆಸ್ತಿ ಹೆಚ್ಚಾದ ಹಾಗೆ ಮೇಂಟೆನೆನ್ಸ್ ಹಣ ಅದೇ ವೇಗದಲ್ಲಿ ಹೆಚ್ಚಾಗುದಿಲ್ಲ. ಹೈಮಾಸ್ಟ್ ಕೆಟ್ಟು ನಿಂತದ್ದು ಎಷ್ಟು ಜಂಕ್ಷನ್‌ನಲ್ಲಿ ಕಾಣ್ತದೆ ನೋಡಿ. ಚರಂಡಿ ಹೂಳು ತೆಗೆದದ್ದಕ್ಕೆ ಯಾರೂ ರಿಬ್ಬನ್ ಕತ್ತರಿಸುದಿಲ್ಲ, ಮತವೂ ಬರುದಿಲ್ಲ, ಇದು ನಮ್ಮದೂ ತಪ್ಪು, ನಾವು ವೋಟು ಕೇಳ್ಲಿಕ್ಕೆ ಬಂದವರ ಹತ್ರ ಹೊಸ ರೋಡು ಕೇಳ್ತೇವೆ, ಇದ್ದ ರೋಡಿನ ಚರಂಡಿ ಕೇಳುದಿಲ್ಲ.

ಹಣಕಾಸು ವರ್ಷ ಮುಗಿಯುವ ಮಾರ್ಚ್ 31ರ ಕಥೆ ಎಲ್ಲರಿಗೂ ಗೊತ್ತುಂಟು. ಯೋಜನೆಗೆ ಅನುಮತಿ, ಎಸ್ಟಿಮೇಟ್, ತಾಂತ್ರಿಕ ಮಂಜೂರಾತಿ, ಟೆಂಡರ್ ಅಂತ ತಿಂಗಳುಗಳು ಹೋಗಿ ಕೆಲಸ ಶುರುವಾಗುದು ಜನವರಿ ಫೆಬ್ರವರಿಗೆ, ಟ್ರೆಷರಿಯಲ್ಲಿ ಬಿಲ್ಲು ಸಾಲು ನಿಲ್ತದೆ, ಹಳೆ ಬಿಲ್ಲು ಬಾರದ ಕಂಟ್ರಾಕ್ಟರ್ ಸಣ್ಣ ಕೆಲಸದ ಟೆಂಡರಿಗೆ ಬರುದೇ ಇಲ್ಲ. ಒಂದೂವರೆ ಲಕ್ಷದ ಚರಂಡಿ ರಿಪೇರಿ ಎರಡು ಮೂರು ಸಲ ಟೆಂಡರ್ ಕರೆದ್ರೂ ಹಾಗೇ ಬಿದ್ದಿರುದು ಇದಕ್ಕೆ.

ಪೈಪಿಗೆ ಅಗೆಯುವ ವಿಷಯ ಹೇಳದಿದ್ರೆ ನನಗೆ ಸಮಾಧಾನ ಆಗುದಿಲ್ಲ. ಜಲಜೀವನ್ ಮಿಷನ್ ಪೈಪ್ ಹಾಕ್ಲಿಕ್ಕೆ ಜಿಲ್ಲೆಯ ಎಷ್ಟೋ ಪಂಚಾಯತ್ ರಸ್ತೆಯ ಬದಿ ಅಗೆದ್ರು, ನೀರು ಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಅಗೆದ ಮಣ್ಣನ್ನು ಪದರ ಪದರವಾಗಿ ತುಂಬಿಸಿ ಗುದ್ದಿ ಗಟ್ಟಿ ಮಾಡ್ಬೇಕು, ಸುಮ್ನೆ ಜೆಸಿಬಿಯಲ್ಲಿ ಎಳೆದು ಮುಚ್ಚಿದ್ರೆ ಮೊದಲ ಮಳೆಗೆ ಕೂತು ಬಿಡ್ತದೆ, ರಸ್ತೆಯ ಅಂಚು ಆಧಾರ ತಪ್ಪಿ ಕುಸಿತದೆ. ಅಗೆದವರು ಮೊದಲಿನ ಹಾಗೆ ಮಾಡಿ ಕೊಡ್ಬೇಕು ಅಥವಾ ಅದರ ಖರ್ಚು ರಸ್ತೆಯ ಯಜಮಾನರಿಗೆ ಕಟ್ಬೇಕು. ಕಟ್ಟಿದ ಹಣದಲ್ಲಿ ಆ ರಸ್ತೆಯನ್ನೇ ರಿಪೇರಿ ಮಾಡಿದ್ರಾ ಅಂತ ವಾರ್ಡ್ ಸಭೆಯಲ್ಲಿ ಕೇಳುವ ಹಕ್ಕು ನಮಗುಂಟು.

"ಮಂಗಳೂರಲ್ಲಿ ನೋಡಿ ಎಷ್ಟು ಚಂದ ಕಾಂಕ್ರೀಟ್ ರೋಡು" ಅನ್ನುದು ನಮ್ಮಲ್ಲಿ ದಿನಾ ಕೇಳುವ ಮಾತು, ಆಸ್ಪತ್ರೆಗೆ ಕಾಲೇಜಿಗೆ ಅಂತ ಎಲ್ಲರೂ ಅಲ್ಲಿಗೇ ಹೋಗುದಲ್ವಾ. ಹೋಲಿಸುವಾಗ ಒಂದು ನೆನಪಿಡ್ಬೇಕು, ಅದು ಮಹಾನಗರಪಾಲಿಕೆ, ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಸೇರಿದ ಊರು, ಕೇರಳದಲ್ಲಿ ಆ ಯೋಜನೆ ಸಿಕ್ಕಿದ್ದು ಕೊಚ್ಚಿಗೂ ತಿರುವನಂತಪುರಕ್ಕೂ ಮಾತ್ರ. ನಮ್ಮದು ಜಿಲ್ಲಾ ಕೇಂದ್ರ ಆದ್ರೂ ಸಣ್ಣ ನಗರಸಭೆ. 1984ರಲ್ಲಿ ಜಿಲ್ಲೆ ಆಯ್ತು, ಕಲೆಕ್ಟರೇಟ್ ವಿದ್ಯಾನಗರದಲ್ಲಿ, ಸುತ್ತಲಿನ ಪಂಚಾಯತಿನವರೆಲ್ಲ ದಿನಾ ಪೇಟೆಗೆ ಬಂದು ರಸ್ತೆ ಬಳಸ್ತಾರೆ, ತೆರಿಗೆ ಮಾತ್ರ ಅವರವರ ಪಂಚಾಯತಿಗೆ. ಕಾಂಕ್ರೀಟ್ ಕೂಡ ಎಲ್ಲದಕ್ಕೂ ಮದ್ದಲ್ಲ, ಅಡಿಯ ಪೈಪ್ ಒಡೆದ್ರೆ ಕತ್ತರಿಸುದು ಇನ್ನೂ ಕಷ್ಟ.

ಕಸದ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಇಷ್ಟ ಆಗ್ಲಿಕ್ಕಿಲ್ಲ. ಹರಿತ ಕರ್ಮ ಸೇನೆಯ ಹೆಂಗಸರು ಮನೆ ಬಾಗಿಲಿಗೆ ಬಂದು ಪ್ಲಾಸ್ಟಿಕ್ ತಗೊಂಡು ಹೋಗ್ತಾರೆ, ತಿಂಗಳಿಗೆ ಕೊಡುವ ಸಣ್ಣ ಫೀಸಿಗೆ ಜಗಳ ಮಾಡಿ ಅದೇ ಪ್ಲಾಸ್ಟಿಕನ್ನು ರಾತ್ರಿ ತೋಡಿಗೆ ಬಿಸಾಡುವವರು ನಮ್ಮ ನಡುವೆಯೇ ಇದ್ದಾರೆ. ಚರಂಡಿ ಕಟ್ಟಿಕೊಳ್ಳುದು ಮಣ್ಣಿಗಿಂತ ಹೆಚ್ಚು ಆ ಕವರಿಂದ. ಬಿಸಿಲಲ್ಲಿ ಗೋಣಿ ಹೊತ್ತುಕೊಂಡು ಮನೆ ಮನೆ ಹತ್ತುವ ಆ ಹೆಂಗಸರಿಗೆ ನಾವು ಕೊಡುವ ಮರ್ಯಾದೆ ಸಾಲದು.

ಕೊನೆಗೆ ನಮ್ಮ ಕನ್ನಡದವರ ಒಂದು ವಿಷಯ. ಬೋರ್ಡ್, ಸಭೆಯ ನೋಟೀಸು, ಅರ್ಜಿ ಫಾರಂ ಬರೀ ಮಲಯಾಳದಲ್ಲಿ ಇದ್ದು ನಮ್ಮ ಎಷ್ಟೋ ಹಿರಿಯರು ವಾರ್ಡ್ ಸಭೆಗೇ ಹೋಗುದಿಲ್ಲ, ಹೋದ್ರೂ ಹಿಂದೆ ಕೂತು ಸಹಿ ಹಾಕಿ ಬರ್ತಾರೆ, ರಸ್ತೆಯ ದೂರು ಹೇಳ್ಬೇಕಾದವರೇ ಬಾಯಿ ಮುಚ್ಚಿ ಕೂತ ಹಾಗೆ ಆಗ್ತದೆ. ಆದ್ರೆ ಕಾನೂನು ನಮ್ಮ ಕಡೆ ಉಂಟು. ಸಂವಿಧಾನದ 350ನೇ ವಿಧಿ ಪ್ರಕಾರ ಯಾರಿಗಾದ್ರೂ ತಮ್ಮ ದೂರನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದ್ರೂ ಕೊಡ್ಬಹುದು, ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿಗೂ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಆಫೀಸುಗಳಿಗೂ ಕನ್ನಡದಲ್ಲೇ ಬರಿಬಹುದು, ಉತ್ತರವೂ ಕನ್ನಡದಲ್ಲೇ ಬರ್ಬೇಕು ಅಂತ ಉಂಟು. ಹಾಗಾಗಿ ಭಾಷೆ ಬರುದಿಲ್ಲ ಅಂತ ಹಿಂದೆ ಸರಿಬೇಡಿ. ಕನ್ನಡದಲ್ಲೇ ಬರಿರಿ, ಎರಡು ಕಾಪಿ ಮಾಡಿ, ಒಂದರ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಬರೆಯುವಾಗ "ರಸ್ತೆ ಹಾಳಾಗಿದೆ ಸರಿ ಮಾಡಿ ಕೊಡಿ" ಅಂತ ಮಾತ್ರ ಬರೆದ್ರೆ ಅದು ಫೈಲಲ್ಲಿ ಕೂತುಕೊಳ್ತದೆ. ರಸ್ತೆ ಎಲ್ಲಿಂದ ಎಲ್ಲಿವರೆಗೆ, ನೀರು ಎಲ್ಲಿ ನಿಲ್ತದೆ, ಎಲ್ಲಿಗೆ ಹೋಗ್ಬೇಕಿತ್ತು, ಯಾವ ಮೋರಿ ಕಟ್ಟಿಕೊಂಡಿದೆ, ಮಳೆ ಬರುವಾಗಲೇ ತೆಗೆದ ಒಂದು ಫೋಟೋ. ಪಿಡಬ್ಲ್ಯುಡಿ ರಸ್ತೆ ಆದ್ರೆ ಬದಿಯಲ್ಲಿ ಕಂಟ್ರಾಕ್ಟರ್ ಹೆಸರು, ನಂಬರ್, ಗ್ಯಾರಂಟಿ ಅವಧಿ ಬರೆದ ಬೋರ್ಡ್ ಉಂಟಾ ನೋಡಿ, 2021ರಿಂದ ಅಂಥ ಬೋರ್ಡ್ ಹಾಕ್ಲಿಕ್ಕೆ ಶುರು ಮಾಡಿದ್ದಾರೆ, ಆ ಅವಧಿಯೊಳಗೆ ಹೊಂಡ ಬಿದ್ರೆ ಕಂಟ್ರಾಕ್ಟರೇ ತನ್ನ ಖರ್ಚಲ್ಲಿ ಸರಿ ಮಾಡ್ಬೇಕು, ಪಿಡಬ್ಲ್ಯುಡಿ ಫೋರ್ ಯು ಆ್ಯಪಲ್ಲೂ ದೂರು ಹಾಕ್ಬಹುದು. ನಗರಸಭೆಯ ವಿಷಯಕ್ಕೆ ಕೆ-ಸ್ಮಾರ್ಟ್ ಅಂತ ಆನ್‌ಲೈನ್ ವ್ಯವಸ್ಥೆ ಉಂಟು, 2024 ಜನವರಿಯಿಂದ. ನಿಮ್ಮ ರಸ್ತೆ ಆಸ್ತಿ ರಿಜಿಸ್ಟರಿನಲ್ಲಿ ಉಂಟಾ ಇಲ್ವಾ ಅಂತ ಬಾಯಿಮಾತಲ್ಲಿ ಕೇಳಿ ಉತ್ತರ ಬಾರದಿದ್ರೆ ಹತ್ತು ರೂಪಾಯಿ ಫೀಸಿನ ಒಂದು ಮಾಹಿತಿ ಹಕ್ಕು ಅರ್ಜಿ ಸಾಕು, ಮೂವತ್ತು ದಿನದೊಳಗೆ ಉತ್ತರ ಕೊಡ್ಬೇಕು. ಅದ್ರಲ್ಲಿ ಆ ರಸ್ತೆಗೆ ಕೊನೆಯ ಸಲ ಯಾವಾಗ ಎಷ್ಟು ಹಣ ಹಾಕಿದ್ದು, ಚರಂಡಿ ಎಸ್ಟಿಮೇಟಲ್ಲಿ ಇತ್ತಾ ಅಂತಲೂ ಕೇಳಿ.

ಹೊತ್ತು ಕೂಡ ಮುಖ್ಯ. ಜುಲೈಯಲ್ಲಿ ನೀರಲ್ಲಿ ನಿಂತು ಬೈದ್ರೆ ಆ ವರ್ಷಕ್ಕೆ ಹೆಚ್ಚೇನೂ ಆಗುದಿಲ್ಲ, ಹೆಚ್ಚಂದ್ರೆ ಎರಡು ಲೋಡು ಜಲ್ಲಿಪುಡಿ ತಂದು ಹೊಂಡಕ್ಕೆ ಹಾಕ್ತಾರೆ, ಮುಂದಿನ ಮಳೆಗೆ ಅದು ಹೋಗ್ತದೆ. ಮುಂದಿನ ವರ್ಷದ ಯೋಜನೆಗೆ ಹೆಸರು ಸೇರಿಸುದು ವಾರ್ಡ್ ಸಭೆ, ಗ್ರಾಮ ಸಭೆಯಲ್ಲಿ, ಹೆಚ್ಚಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ, ಅಲ್ಲಿ ಬರವಣಿಗೆಯಲ್ಲಿ ಕೊಟ್ಟು ನಡಾವಳಿಯಲ್ಲಿ ಸೇರಿಸಿದ್ರಾ ಅಂತ ನೋಡ್ಬೇಕು. ಮಳೆಗಾಲದ ಮೊದಲಿನ ಶುಚೀಕರಣಕ್ಕೆ ವಾರ್ಡಿಗೆ ಒಂದು ಸಣ್ಣ ಮೊತ್ತ ಬೇರೆಯೇ ಇರ್ತದೆ, ಅದನ್ನು ಯಾವ ತೋಡಿಗೆ ಯಾವ ಮೋರಿಗೆ ಹಾಕುದು ಅಂತ ತೀರ್ಮಾನ ಆಗುದು ಏಪ್ರಿಲ್ ಮೇಯಲ್ಲಿ. ವಿಷುವಿನ ಹಬ್ಬ ಕಳೆದ ವಾರವೇ ನಾಲ್ಕು ಮನೆಯವರು ಸೇರಿ ತೋಡಿನ ಬಾಯಿವರೆಗೆ ನಡೆದು ನೋಡಿ, ಕೌನ್ಸಿಲರನ್ನೂ ಓವರ್ಸಿಯರನ್ನೂ ಜೊತೆಗೆ ಕರ್ಕೊಂಡು ಹೋಗಿ.